ಹನ್ನೊಂದನೇ ನಂಬರಿನ ಜೋನಾ ಲೋಮು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಕೆಟ್ ಬಿಟ್ಟು ಬೇರೆ ಆಟದ ಮಾತೆತ್ತಿದರೆ ನಮ್ಮಲ್ಲಿ ಅರ್ಧ ಜನ ಆಕಳಿಸುತ್ತಾರೆ. ಆದರೆ ಲೋಮು ಓಡುವ ಹಳೇ ವಿಡಿಯೋ ಒಂದನ್ನು ತೋರಿಸಿ ನೋಡಿ, ಆಕಳಿಕೆ ನಿಂತು ಪ್ರಶ್ನೆ ಶುರುವಾಗುತ್ತದೆ. ಟೀ ಕುಡಿಯುವಾಗ, ಮದುವೆ ಮನೆಯಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ನನಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಇನ್ನೊಂದು ಮಾತು, ಏಕವಚನ ಯಾಕೆ ಅಂತ ಬೈಯಬೇಡಿ. ಸಚಿನ್ ಔಟಾದ ಅನ್ನುತ್ತೇವೆಯೇ ಹೊರತು ಔಟಾದರು ಅನ್ನುವುದಿಲ್ಲ ಅಲ್ವಾ, ಇದೂ ಅದೇ ಸಲುಗೆ.

## ಏನೂ ಗೊತ್ತಿಲ್ಲದವರು ಕೇಳುವುದು

ಯಾರ್ರೀ ಈ ಲೋಮು? ನಾನು ಹೆಸರೇ ಕೇಳಿಲ್ಲ.

ನ್ಯೂಜಿಲೆಂಡಿನ ರಗ್ಬಿ ಆಟಗಾರ. ಹುಟ್ಟಿದ್ದು 1975ರ ಮೇ 12ರಂದು, ಆಕ್ಲೆಂಡ್‌ನಲ್ಲಿ. ಅಪ್ಪ ಅಮ್ಮ ಟೋಂಗಾ ದ್ವೀಪಗಳಿಂದ ಬಂದವರು. 1994ರಿಂದ 2002ರವರೆಗೆ ದೇಶಕ್ಕಾಗಿ 63 ಟೆಸ್ಟ್ ಆಡಿ 37 ಟ್ರೈ ಹೊಡೆದ. 2015ರ ನವೆಂಬರ್ 18ರಂದು ತೀರಿಕೊಂಡ, ಆಗ ಅವನಿಗೆ ಬರೀ 40 ವರ್ಷ.

ಟೆಸ್ಟ್ ಅಂದ ತಕ್ಷಣ ಐದು ದಿನ ಅಂದುಕೊಳ್ಳಬೇಡಿ. ರಗ್ಬಿಯಲ್ಲಿ ದೇಶ ದೇಶಗಳ ನಡುವಿನ ಮ್ಯಾಚ್‌ಗೆಲ್ಲ ಟೆಸ್ಟ್ ಅಂತಲೇ ಹೆಸರು. 80 ನಿಮಿಷಕ್ಕೆ ಮುಗಿಯುತ್ತದೆ.

ಅಮೆರಿಕದವರು ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ, ಅದೇ ತಾನೆ?

ಅಲ್ಲ. ಚೆಂಡಿನ ಆಕಾರ ನೋಡಿ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಇಲ್ಲಿ ಒಂದು ಕಡೆ 15 ಜನ, ಮೈಮೇಲೆ ಜರ್ಸಿ, ಚಡ್ಡಿ, ಬಾಯೊಳಗೆ ಹಲ್ಲು ಕಾಯುವ ಒಂದು ಗಾರ್ಡ್, ಅಷ್ಟೇ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದೆ ಓಡಬಹುದು, ಕಾಲಲ್ಲಿ ಮುಂದಕ್ಕೆ ಒದೆಯಬಹುದು. ಆದರೆ ಕೈಯಿಂದ ಎಸೆಯುವುದಾದರೆ ಪಕ್ಕಕ್ಕೆ ಇಲ್ಲ ಹಿಂದಕ್ಕೆ ಮಾತ್ರ. ಈ ಒಂದು ನಿಯಮ ತಲೆಗೆ ಹೋದರೆ ಅರ್ಧ ಆಟ ಅರ್ಥವಾದ ಹಾಗೆ.

ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, 5 ಪಾಯಿಂಟ್. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಪೆನಾಲ್ಟಿಗೆ 3, ಆಟದ ಮಧ್ಯದಲ್ಲೇ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗ ಕಂಬದ ನಡುವೆ ಒದೆಯುವ ಡ್ರಾಪ್ ಗೋಲ್‌ಗೂ 3. ಕಬಡ್ಡಿ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ ಅನ್ನುವುದು ನನ್ನ ಅನುಭವ. ರೈಡರ್ ಗೆರೆ ಮುಟ್ಟಲು ಒದ್ದಾಡುತ್ತಾನೆ, ನಾಲ್ಕು ಜನ ಕಾಲು ಸೊಂಟ ಹಿಡಿದು ಎಳೆಯುತ್ತಾರೆ. ಅದೇ ಜಟಾಪಟಿ, ಅಂಗಳ ಮಾತ್ರ ನೂರು ಮೀಟರ್.

ಮ್ಯಾಚ್ ಶುರುವಾಗೋ ಮುಂಚೆ ತೊಡೆ ತಟ್ಟಿಕೊಂಡು ಕೂಗಾಡ್ತಾರಲ್ಲ, ಜಗಳಾನಾ ಅದು?

ಅದು ಹಾಕಾ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರದ್ದು. ನಮ್ಮ ಕುಸ್ತಿ ಅಖಾಡದಲ್ಲಿ ಪೈಲ್ವಾನರು ತೊಡೆ ತಟ್ಟಿ ಇಳಿಯುವುದಿಲ್ಲವಾ? ಅದನ್ನು ಹದಿನೈದು ಜನ ಒಟ್ಟಿಗೆ, ಪದ ಹೇಳಿಕೊಂಡು ಮಾಡಿದರೆ ಹೇಗಿರುತ್ತದೆ ಅಂತ ಯೋಚಿಸಿ.

ವಿಂಗ್ ಅಂದ್ರೆ ಎಲ್ಲಿ ನಿಲ್ಲೋದು? ಅವನ ಕೆಲಸ ಏನು?

ಮೈದಾನದ ಅಂಚಿನಲ್ಲಿ. ಲೋಮು ಎಡಗಡೆ, ಜರ್ಸಿ ನಂಬರ್ 11. ಒಳಗಡೆ ದಪ್ಪ ದಪ್ಪ ಆಸಾಮಿಗಳು ಗುದ್ದಾಡಿ ಚೆಂಡು ಗೆಲ್ಲುತ್ತಾರೆ, ಅದು ಕೈ ಕೈ ದಾಟಿ ಅಂಚಿಗೆ ಬಂದಾಗ ವಿಂಗ್ ಓಡಬೇಕು. ಅದಕ್ಕೇ ಈ ಜಾಗಕ್ಕೆ ಯಾವಾಗಲೂ ತೆಳ್ಳಗೆ, ಚುರುಕಾಗಿರುವ ಹುಡುಗರನ್ನು ಹಾಕುತ್ತಿದ್ದರು.

ಲೋಮು ಆರಡಿ ಐದು ಇಂಚು, ಸುಮಾರು 118 ಕಿಲೋ. ಅಂದರೆ ಒಳಗಡೆ ಗುದ್ದಾಡುವವರಷ್ಟೇ ದೊಡ್ಡ ಮೈ. ಆ ಮೈ ಹೊತ್ತುಕೊಂಡು 100 ಮೀಟರನ್ನು 11 ಸೆಕೆಂಡಿನ ಒಳಗೆ ಓಡುತ್ತಿದ್ದ. ಲಾರಿಗೆ ಕಾರಿನ ಸ್ಪೀಡ್ ಬಂದರೆ ಎದುರಿಗೆ ನಿಂತವನು ಏನು ಮಾಡಬೇಕು ಹೇಳಿ?

## ಸ್ವಲ್ಪ ವಿಡಿಯೋ ನೋಡಿದವರು ಕೇಳುವುದು

ಅಷ್ಟು ಚಿಕ್ಕ ವಯಸ್ಸಿಗೆ ಟೀಮಿಗೆ ಹೇಗೆ ಬಂದ? ಯಾರಾದ್ರೂ ಗಾಡ್‌ಫಾದರ್ ಇದ್ರಾ?

ಗಾಡ್‌ಫಾದರ್ ಎಲ್ಲ ಇಲ್ಲ. ಬೆಳೆದದ್ದು ದಕ್ಷಿಣ ಆಕ್ಲೆಂಡಿನ ಮಾಂಗೆರೆಯಲ್ಲಿ, ಗ್ಯಾಂಗು ಹೊಡೆದಾಟ ಎಲ್ಲ ಇದ್ದ ಬಡವರ ಏರಿಯಾ. ಅಲ್ಲಿಂದ ಅವನನ್ನು ವೆಸ್ಲಿ ಕಾಲೇಜ್ ಅನ್ನುವ ಬೋರ್ಡಿಂಗ್ ಸ್ಕೂಲಿಗೆ ಕಳಿಸಿದರು, ಅಲ್ಲಿ ಆಟ ಕೈ ಹಿಡಿಯಿತು. ಆಗ ಅವನು ವಿಂಗ್ ಅಲ್ಲವೇ ಅಲ್ಲ, ಒಳಗಡೆ ಗುದ್ದಾಡುವ ಫಾರ್ವರ್ಡ್. ಏಳು ಜನರ ಸೆವೆನ್ಸ್ ಆಟದಲ್ಲಿ ಎಲ್ಲರ ಕಣ್ಣಿಗೆ ಬಿದ್ದ ಮೇಲೆ ಅಂಚಿಗೆ ಕಳಿಸಿದರು.

1994ರ ಜೂನ್ 26ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಫ್ರಾನ್ಸ್ ವಿರುದ್ಧ ಮೊದಲ ಟೆಸ್ಟ್. ವಯಸ್ಸು 19 ವರ್ಷ 45 ದಿನ. ನ್ಯೂಜಿಲೆಂಡ್ ಪರ ಟೆಸ್ಟ್ ಆಡಿದ ಅತಿ ಕಿರಿಯ ಅವನು. ಆದರೆ ಇಲ್ಲಿ ಜನ ಮರೆಯುವ ವಿಷಯ ಒಂದಿದೆ, ಆ ಸರಣಿಯಲ್ಲಿ ಅವನು ಒದ್ದಾಡಿಬಿಟ್ಟ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು ಗೊತ್ತಾಗುತ್ತಿರಲಿಲ್ಲ. ಫ್ರೆಂಚರು ಅದನ್ನು ನೋಡಿಕೊಂಡೇ ಅವನ ಕಡೆಗೆ ಆಡಿದರು. ಎರಡೂ ಟೆಸ್ಟ್ ಸೋತರು, ಇವನನ್ನು ಟೀಮಿನಿಂದ ಕೈಬಿಟ್ಟರು. ಮುಂದಿನ ವರ್ಷದ ವಿಶ್ವಕಪ್‌ಗೆ ಜಾಗ ಸಿಕ್ಕಿದ್ದೇ ಕಷ್ಟಪಟ್ಟು.

ಇಂಗ್ಲೆಂಡಿನವನ ಮೇಲೆ ಹತ್ತಿಕೊಂಡು ಹೋಗ್ತಾನಲ್ಲ, ಅದು ನಿಜವಾದ ವಿಡಿಯೋನಾ?

ನಿಜವೇ. 1995ರ ಜೂನ್ 18, ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್, ವಿಶ್ವಕಪ್ ಸೆಮಿಫೈನಲ್. ಮ್ಯಾಚ್ ಶುರುವಾಗಿ ಜನ ಇನ್ನೂ ಸರಿಯಾಗಿ ಕೂತಿಲ್ಲ. ಲೋಮುಗೆ ಬಂದ ಪಾಸೇ ಕೆಟ್ಟದು, ಚೆಂಡು ಅವನನ್ನು ದಾಟಿ ಹಿಂದೆ ಹೋಗಿ ಪುಟಿಯುತ್ತದೆ. ತಿರುಗಿ ಎತ್ತಿಕೊಳ್ಳುತ್ತಾನೆ. ಟೋನಿ ಅಂಡರ್‌ವುಡ್‌ನನ್ನು ಹೊರಗಿನಿಂದ ದಾಟುತ್ತಾನೆ. ಹಿಂದಿನಿಂದ ಬಂದ ಕ್ಯಾಪ್ಟನ್ ವಿಲ್ ಕಾರ್ಲಿಂಗ್ ಕಾಲಿಗೆ ಕೈ ಹಾಕುತ್ತಾನೆ, ಇವನು ಮುಗ್ಗರಿಸುತ್ತಾನೆ. ಈಗ ಎದುರಿಗೆ ಉಳಿದವನು ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ಮೈಕ್ ಕ್ಯಾಟ್ ಒಬ್ಬನೇ. ಮುಗ್ಗರಿಸುತ್ತಿರುವ 118 ಕಿಲೋ ಪಕ್ಕಕ್ಕೆ ತಿರುಗುವುದಾದರೂ ಹೇಗೆ? ನೆಟ್ಟಗೆ ಕ್ಯಾಟ್‌ನ ಎದೆ ಮೇಲೇ ಕಾಲಿಟ್ಟು ಗೆರೆ ದಾಟಿ ಬಿದ್ದ.

ಅವತ್ತು ನಾಲ್ಕು ಟ್ರೈ ಹೊಡೆದ. ನ್ಯೂಜಿಲೆಂಡ್ 45, ಇಂಗ್ಲೆಂಡ್ 29. ಕ್ಯಾಟ್ ಬಗ್ಗೆ ನಗುವವರಿಗೆ ನಾನು ಯಾವಾಗಲೂ ಹೇಳುವುದೊಂದೇ: ಆ ಮನುಷ್ಯ ದಾರಿ ಬಿಟ್ಟು ಓಡಲಿಲ್ಲ, ನಿಂತ. 2003ರಲ್ಲಿ ವಿಶ್ವಕಪ್ ಗೆದ್ದ ಟೀಮಿನಲ್ಲಿದ್ದ, 2007ರ ಫೈನಲ್ಲೂ ಆಡಿದ. ಲೋಮು ಕೈಗೆ ಆ ಕಪ್ ಸಿಗಲೇ ಇಲ್ಲ.

ಹಾಗಾದ್ರೆ ಆ ವರ್ಷ ಕಪ್ ಯಾಕೆ ಗೆಲ್ಲಲಿಲ್ಲ?

ದಕ್ಷಿಣ ಆಫ್ರಿಕಾ ಅವನನ್ನು ಓಡಲು ಬಿಡಲಿಲ್ಲ. ಜೂನ್ 24, ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್. ವರ್ಣಭೇದ ಮುಗಿದ ಮೇಲೆ ಆ ದೇಶದ ಮೊದಲ ವಿಶ್ವಕಪ್, ನೆಲ್ಸನ್ ಮಂಡೇಲಾ ತಮ್ಮ ಟೀಮಿನ ಹಸಿರು ಜರ್ಸಿ ಹಾಕಿಕೊಂಡು ಬಂದ ದಿನ. ಲೋಮುಗೆ ಚೆಂಡು ಸಿಕ್ಕ ಕೂಡಲೇ, ಅವನು ಸ್ಪೀಡ್ ಹಿಡಿಯುವ ಮೊದಲೇ, ಒಬ್ಬ ಕಾಲಿಗೆ ಬೀಳುತ್ತಿದ್ದ, ಹಿಂದೆಯೇ ಇಬ್ಬರು ಮೂವರು ಮುತ್ತಿಕೊಳ್ಳುತ್ತಿದ್ದರು. ಎರಡೂ ಕಡೆ ಒಂದೂ ಟ್ರೈ ಆಗಲಿಲ್ಲ. ಹೆಚ್ಚುವರಿ ಸಮಯದಲ್ಲಿ ಜೋಯೆಲ್ ಸ್ಟ್ರಾನ್ಸ್ಕಿ ಡ್ರಾಪ್ ಗೋಲ್ ಒದ್ದ, 15-12.

ಫೈನಲ್‌ಗೆ ಮುಂಚೆ ನ್ಯೂಜಿಲೆಂಡಿನ ಸುಮಾರು ಆಟಗಾರರಿಗೆ ಹೊಟ್ಟೆ ಕೆಟ್ಟಿತ್ತು. ಊಟದಲ್ಲಿ ಯಾರೋ ಬೇಕಂತಲೇ ಏನೋ ಬೆರೆಸಿದರು ಅನ್ನುವ ಮಾತು ಈಗಲೂ ಓಡಾಡುತ್ತದೆ, ಸಾಬೀತಾಗಿಲ್ಲ. ನನಗೆ ಆ ಕಥೆಗಿಂತ ಬೇರೆ ಒಂದು ಲೆಕ್ಕ ಜಾಸ್ತಿ ಹೇಳುತ್ತದೆ. ಲೋಮು ದಕ್ಷಿಣ ಆಫ್ರಿಕಾ ವಿರುದ್ಧ ಒಟ್ಟು 12 ಟೆಸ್ಟ್ ಆಡಿದ. ಒಂದೇ ಒಂದು ಟ್ರೈ ಇಲ್ಲ.

## ದುಡ್ಡು ಮತ್ತು ಕೆಲಸದ ಬಗ್ಗೆ

ಅವನನ್ನ "ಮೊದಲ ಪ್ರೊಫೆಷನಲ್ ಸ್ಟಾರ್" ಅಂತಾರಲ್ಲ, ಅದಕ್ಕೂ ಮುಂಚೆ ಯಾರೂ ದುಡ್ಡು ತಗೋತಿರ್ಲಿಲ್ವಾ?

ಕಾಗದದ ಮೇಲೆ ಯಾರೂ ತಗೊಳ್ಳುವಂತಿರಲಿಲ್ಲ. ರಗ್ಬಿ ಯೂನಿಯನ್, ಅಂದರೆ ಈ 15 ಜನರ ಆಟ, ನೂರು ವರ್ಷ ಇದನ್ನೊಂದು ಮಡಿ ತರಹ ಇಟ್ಟುಕೊಂಡಿತ್ತು. ದೇಶಕ್ಕೆ ಆಡುವವನೂ ಸೋಮವಾರ ಕೆಲಸಕ್ಕೆ ಹೋಗಬೇಕು. ದುಡ್ಡಿಗಾಗಿ 13 ಜನರ ರಗ್ಬಿ ಲೀಗ್‌ಗೆ ಹೋದವನಿಗೆ ಯೂನಿಯನ್ ಬಾಗಿಲು ಶಾಶ್ವತವಾಗಿ ಬಂದ್. ಇಷ್ಟಾದರೂ ಬೂಟಿನೊಳಗೆ ನೋಟು ಇಟ್ಟು ಕೊಡುವುದು ನಡೆದೇ ಇತ್ತು ಅನ್ನಿ.

1995ರಲ್ಲಿ ಇದೆಲ್ಲ ಒಡೆಯಿತು. ಹಿನ್ನೆಲೆಯಲ್ಲಿ ಇದ್ದದ್ದು ಇಬ್ಬರು ಟಿವಿ ದೊರೆಗಳ ಜಗಳ, ಮತ್ತು ಅದರಲ್ಲಿ ಒಬ್ಬನ ಹೆಸರು ನಮ್ಮ ಕ್ರಿಕೆಟ್ ಹಿರಿಯರಿಗೆ ಚೆನ್ನಾಗಿ ಗೊತ್ತು: ಕೆರ್ರಿ ಪ್ಯಾಕರ್. 1977ರಲ್ಲಿ ಕ್ರಿಕೆಟಿಗರನ್ನು ಸಾರಾಸಗಟಾಗಿ ಎಳೆದುಕೊಂಡು ಹೋದನಲ್ಲ, ಅವನದೇ ಬೆಂಬಲದಲ್ಲಿ ರಗ್ಬಿಯಲ್ಲೂ ಒಂದು ಬಂಡಾಯದ ಸರ್ಕಸ್ ತಯಾರಾಗುತ್ತಿತ್ತು. ಸುಮಾರು ಆಟಗಾರರು ಸಹಿಯನ್ನೂ ಹಾಕಿದ್ದರು. ಇನ್ನೊಂದು ಕಡೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮೂರೂ ಬೋರ್ಡ್ ಸೇರಿ ರೂಪರ್ಟ್ ಮರ್ಡೋಕ್‌ನ ಕಂಪನಿಗೆ ಹತ್ತು ವರ್ಷದ ಟಿವಿ ಹಕ್ಕನ್ನು 55.5 ಕೋಟಿ ಅಮೆರಿಕನ್ ಡಾಲರ್‌ಗೆ ಮಾರಿದವು. ಅದನ್ನು ಪ್ರಕಟಿಸಿದ್ದು ಯಾವತ್ತು ಗೊತ್ತಾ? ಆ ವಿಶ್ವಕಪ್ ಫೈನಲ್‌ನ ಹಿಂದಿನ ದಿನ. ದಕ್ಷಿಣ ಆಫ್ರಿಕಾದ ಆಟಗಾರರು ಬೋರ್ಡ್ ಕಡೆ ತಿರುಗಿದ ಮೇಲೆ ಬಂಡಾಯ ಮುಳುಗಿತು. ಆಗಸ್ಟ್‌ನಲ್ಲಿ ಅಂತಾರಾಷ್ಟ್ರೀಯ ರಗ್ಬಿ ಮಂಡಳಿಯವರು ಪ್ಯಾರಿಸ್‌ನಲ್ಲಿ ಕೂತು, ಇನ್ನು ಮೇಲೆ ಯಾರು ಬೇಕಾದರೂ ಸಂಬಳ ತಗೊಳ್ಳಬಹುದು ಅಂತ ಘೋಷಿಸಿಬಿಟ್ಟರು.

ಅಂದರೆ ಅಂಗಡಿ ಬಾಗಿಲು ತೆರೆಯುವುದಕ್ಕೂ ಕಿಟಕಿಯಲ್ಲಿ ಇಡಲು ಒಂದು ಮುಖ ಸಿಗುವುದಕ್ಕೂ ಸರಿಹೋಯಿತು. ಆ ಮುಖಕ್ಕೆ ಇಪ್ಪತ್ತು ವರ್ಷ.

ವರ್ಷಪೂರ್ತಿ ಏನು ಮಾಡ್ತಿದ್ದ? ಬರೀ ದೇಶಕ್ಕೆ ಆಡಿದ್ರೆ ಸಾಕಾಗಿತ್ತಾ?

ಇಲ್ಲ. ನಮ್ಮಲ್ಲಿ ರಣಜಿ, ಐಪಿಎಲ್, ಇಂಡಿಯಾ ಟೀಮ್ ಇದ್ದ ಹಾಗೆ ಅಲ್ಲೂ ಮೆಟ್ಟಿಲು. ಪ್ರಾಂತ್ಯಕ್ಕೆ ಆಡಬೇಕು, ಇವನದು ಮೊದಲು ಕೌಂಟೀಸ್ ಮನುಕಾವ್, 2000ದಿಂದ ವೆಲಿಂಗ್ಟನ್. 1996ರಲ್ಲಿ ಶುರುವಾದ ಸೂಪರ್ 12 ಲೀಗ್‌ನಲ್ಲಿ ಬ್ಲೂಸ್, ಆಮೇಲೆ ಚೀಫ್ಸ್, ಹರಿಕೇನ್ಸ್. ಇದರ ಮೇಲೆ ಟೆಸ್ಟ್. ನಡುವೆ ಸೆವೆನ್ಸ್ ಕೂಡ, 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಚಿನ್ನ, 2001ರಲ್ಲಿ ಸೆವೆನ್ಸ್ ವಿಶ್ವಕಪ್. 15 ಜನರ ವಿಶ್ವಕಪ್ ಗೆಲ್ಲದವನು ಏಳು ಜನರದ್ದನ್ನು ಗೆದ್ದ.

ತುಂಬಾ ದುಡ್ಡು ಮಾಡಿರ್ಬೇಕು ಅಲ್ವಾ?

ಬಂದದ್ದು ನಿಜ. ಅಡಿಡಾಸ್ ಜಾಹೀರಾತು, 1997ರಲ್ಲಿ ಅವನದೇ ಹೆಸರಿನ ವಿಡಿಯೋ ಗೇಮ್. ರಗ್ಬಿಯಲ್ಲಿ ಇದೆಲ್ಲ ಮೊದಲು ಯಾರಿಗೂ ಆಗಿರಲಿಲ್ಲ. ಆದರೆ ಅವನು ಹೋದ ಮೇಲೆ ಇಬ್ಬರು ಗಂಡುಮಕ್ಕಳಿಗೆ ಉಳಿದದ್ದು ಏನೇನೂ ಸಾಲದು ಅಂತ ಗೊತ್ತಾಯಿತು. ಅಲ್ಲಿನ ಆಟಗಾರರ ಸಂಘ ಮುಂದೆ ನಿಂತು ಮಕ್ಕಳಿಗಾಗಿ ಒಂದು ಟ್ರಸ್ಟ್ ಮಾಡಿತು. ಸಂಬಳ ಶುರುವಾದ ಮೊದಲ ತಲೆಮಾರು ಅದು. ದುಡ್ಡು ಹೇಗೆ ಕೂಡಿಡಬೇಕು ಅಂತ ಹೇಳಿಕೊಡಲು ಮುಂದಿನ ಮನೆಯ ಅಣ್ಣ ಯಾರೂ ಇರಲಿಲ್ಲ.

## ಮೈಯ ಬಗ್ಗೆ

ಅಷ್ಟು ಗಟ್ಟಿ ಆಳಿಗೆ ಕಾಯಿಲೆ ಬಂತು ಅಂದ್ರೆ ನಂಬೋಕಾಗಲ್ಲ. ಆಟ ಬಿಟ್ಟ ಮೇಲೆ ಬಂದಿದ್ದಾ?

ಎಲ್ಲರೂ ಹೀಗೇ ಕೇಳುತ್ತಾರೆ. ಆಟ ಬಿಟ್ಟ ಮೇಲಲ್ಲ, ಆ ಸೆಮಿಫೈನಲ್ ಆಡಿದ ವರ್ಷದ ಕೊನೆಗೇ ಕಾಯಿಲೆ ಪತ್ತೆಯಾಯಿತು. ನೆಫ್ರೋಟಿಕ್ ಸಿಂಡ್ರೋಮ್. ರಕ್ತ ಸೋಸುವ ಕಿಡ್ನಿಯ ಜರಡಿ ಹಾಳಾಗಿ, ಮೈಗೆ ಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುತ್ತದೆ. ಮೈ ಊದಿಕೊಳ್ಳುತ್ತದೆ, ಸುಸ್ತು ಬಿಡುವುದಿಲ್ಲ. 1997ರಲ್ಲಿ ಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಆಟ ಬಿಟ್ಟು ಕೂತ, ವರ್ಷದ ಕೊನೆಗೆ ವಾಪಸ್ ಬಂದ.

ಈಗ ತಾರೀಖುಗಳನ್ನು ಜೋಡಿಸಿ ನೋಡಿ. ಪ್ರೊಫೆಷನಲ್ ಆಟ ಶುರುವಾದದ್ದು 1995ರ ಆಗಸ್ಟ್. ಕಾಯಿಲೆ ಗೊತ್ತಾದದ್ದು ಅದೇ ವರ್ಷದ ಕೊನೆ. ಅಂದರೆ ಅವನ ಸಂಬಳದ ಬದುಕು ಹೆಚ್ಚುಕಮ್ಮಿ ಪೂರ್ತಿ ಕೆಟ್ಟ ಕಿಡ್ನಿಯ ಜೊತೆಗೇ ನಡೆಯಿತು. 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ ಹೊಡೆದಾಗಲೂ ಅದು ಒಳಗಿತ್ತು. ಮೈ ನೋಡಿ ಬೆರಗಾಗುವ ನಾವು ಈ ಲೆಕ್ಕ ಹಾಕುವುದೇ ಇಲ್ಲ.

ಕಿಡ್ನಿ ಕೊಟ್ಟಿದ್ದು ಯಾರು? ಆಮೇಲೆ ಮತ್ತೆ ಆಡಿದ ಅಂತಾರೆ, ಹೌದಾ?

2003ರ ಮೇನಲ್ಲಿ ಸುದ್ದಿ ಹೊರಬಂತು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಂಧುಬಳಗದಲ್ಲಿ ಒಬ್ಬರಿಗಾದರೂ ಇದು ಆಗಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ, ಒಂದು ದಿನ ಮಷೀನಿನ ಮುಂದೆ, ಇನ್ನೊಂದು ದಿನ ಅದರ ಸುಸ್ತಿನಲ್ಲಿ. ಲೋಮುಗೆ ಕಾಲಿನ ನರಗಳೂ ಸೋತು ನಡೆಯುವುದೇ ಕಷ್ಟವಾಗಿತ್ತು. 2004ರ ಜುಲೈನಲ್ಲಿ ವೆಲಿಂಗ್ಟನ್ನಿನ ರೇಡಿಯೋ ನಿರೂಪಕ ಗ್ರಾಂಟ್ ಕೆರೆಯಾಮಾ ತನ್ನ ಒಂದು ಕಿಡ್ನಿ ಕೊಟ್ಟರು. ರಕ್ತ ಸಂಬಂಧಿ ಅಲ್ಲ, ಸ್ನೇಹಿತ.

ಹೌದು, ಆಡಿದ. ಒಂದು ವರ್ಷ ತುಂಬುವ ಮೊದಲೇ, 2005ರ ಜೂನ್‌ನಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಒಂದು ಪ್ರದರ್ಶನ ಮ್ಯಾಚ್, ಟ್ರೈ ಹೊಡೆದ, ಭುಜಕ್ಕೂ ಪೆಟ್ಟು ಮಾಡಿಕೊಂಡ. ಆ ವರ್ಷದ ಕೊನೆಗೆ ವೇಲ್ಸ್‌ನ ಕಾರ್ಡಿಫ್ ಬ್ಲೂಸ್, ಆಮೇಲೆ ಸ್ವದೇಶದ ನಾರ್ತ್ ಹಾರ್ಬರ್, ಮತ್ತೆ ಯಾವಾಗಲೋ 2009ರಲ್ಲಿ ಫ್ರಾನ್ಸಿನ ಕೆಳ ದರ್ಜೆಯ ಮಾರ್ಸೆ ವಿತ್ರೋಲ್. ಹಳೇ ಲೋಮು ಅಲ್ಲ, ಒಪ್ಪಿಕೊಳ್ಳೋಣ. ದೇಶದ ಟೀಮಿಗೆ ಮತ್ತೆ ಬರಲಾಗಲಿಲ್ಲ. 2011ರಲ್ಲಿ ಆ ಕಿಡ್ನಿಯೂ ಕೈಕೊಟ್ಟು ಮತ್ತೆ ಡಯಾಲಿಸಿಸ್. 2015ರಲ್ಲಿ ವಿಶ್ವಕಪ್ ಕಾರ್ಯಕ್ರಮಗಳಿಗೆ ಇಂಗ್ಲೆಂಡಿಗೆ ಹೋಗಿ, ದುಬೈ ಮೇಲೆ ಮನೆಗೆ ಮರಳಿದವನು ಹೆಚ್ಚು ದಿನ ಉಳಿಯಲಿಲ್ಲ.

## ಆಟ ಬಲ್ಲವರು ಕೇಳುವುದು

ದಾಖಲೆ ನೋಡಿದ್ರೆ ಅವನಿಗಿಂತ ಜಾಸ್ತಿ ಟ್ರೈ ಹೊಡೆದೋರು ತುಂಬಾ ಜನ ಇದ್ದಾರಲ್ಲ? ಸುಮ್ನೆ ಹೊಗಳ್ತೀರಾ.

ಸರಿಯಾದ ಪ್ರಶ್ನೆ. ನ್ಯೂಜಿಲೆಂಡಿನವರೇ ಆದ ಡಗ್ ಹೌಲೆಟ್ 62 ಟೆಸ್ಟ್‌ನಲ್ಲಿ 49 ಟ್ರೈ ಹೊಡೆದಿದ್ದಾರೆ, ಲೋಮುಗಿಂತ ಒಂದು ಟೆಸ್ಟ್ ಕಮ್ಮಿ, ಹನ್ನೆರಡು ಟ್ರೈ ಜಾಸ್ತಿ. ವಿಶ್ವಕಪ್ ಲೆಕ್ಕದಲ್ಲಿ ಮಾತ್ರ ಲೋಮು ಮೇಲೆ: 15 ಟ್ರೈ. 2015ರಲ್ಲಿ ದಕ್ಷಿಣ ಆಫ್ರಿಕಾದ ಬ್ರಯಾನ್ ಹಬಾನಾ ಅದನ್ನು ಸರಿಗಟ್ಟಿದ, ಆದರೆ ಮೂರು ವಿಶ್ವಕಪ್ ಬೇಕಾಯಿತು. ಲೋಮುಗೆ ಎರಡು, ಹನ್ನೊಂದೇ ಮ್ಯಾಚ್.

ಆದರೆ ನಾನು ಅಂಕಿಯ ಮೇಲೆ ವಾದ ಮಾಡುವುದಿಲ್ಲ. ಅವನನ್ನು ಹಿಡಿಯಲು ಎದುರಾಳಿ ಮೂವರನ್ನು ಮೀಸಲಿಟ್ಟರೆ ಬೇರೆ ಕಡೆ ಇಬ್ಬರಿಗೆ ದಾರಿ ಖಾಲಿ. ಆ ಟ್ರೈ ಬೇರೆಯವರ ಹೆಸರಿಗೆ ಬೀಳುತ್ತದೆ, ಇವನ ಖಾತೆಗೆ ಬರುವುದಿಲ್ಲ.

ಬರೀ ಮೈ ಬಲದಲ್ಲಿ ಆಡಿದ, ಕೌಶಲ ಏನಿತ್ತು?

ದೌರ್ಬಲ್ಯ ಇತ್ತು. ಬೆನ್ನ ಹಿಂದೆ ಎತ್ತರಕ್ಕೆ ಒದ್ದ ಚೆಂಡಿಗೆ ತಿರುಗುವುದು ನಿಧಾನ, ರಕ್ಷಣೆಯಲ್ಲಿ ಜಾಗ ತಪ್ಪುತ್ತಿದ್ದ. ದೊಡ್ಡ ಹಡಗು ಬೇಗ ತಿರುಗುವುದಿಲ್ಲ.

ಆದರೆ ಬರೀ ಮೈ ಅನ್ನುವವರು 2000ದ ಜುಲೈ 15ರ ಸಿಡ್ನಿ ಮ್ಯಾಚ್ ನೋಡಿ. ಆಸ್ಟ್ರೇಲಿಯಾ ವಿರುದ್ಧ, 1,09,874 ಜನ. ನ್ಯೂಜಿಲೆಂಡ್ ಮೊದಲ ಕೆಲವೇ ನಿಮಿಷದಲ್ಲಿ 24-0, ಅರ್ಧ ಆಟ ಮುಗಿಯುವಷ್ಟರಲ್ಲಿ 24-24. ಕೊನೆಗೆ ಒಂದು ಪಾಯಿಂಟ್ ಹಿಂದೆ, ಸಮಯ ಮುಗಿದೇ ಹೋಯಿತು ಅನ್ನುವಾಗ ಎಡ ಅಂಚಿನಲ್ಲಿ ಇವನಿಗೆ ಚೆಂಡು. ಗುದ್ದಲು ಜಾಗವೇ ಇಲ್ಲ. ಬದು ಮೇಲೆ ನಡೆಯುವವನ ಹಾಗೆ, ಗೆರೆಯ ಒಳಗೆ ತುದಿಗಾಲಲ್ಲಿ ಹೆಜ್ಜೆ ಇಟ್ಟು ಸ್ಟೀಫನ್ ಲಾರ್ಕಮ್‌ನನ್ನು ತಪ್ಪಿಸಿ ಹೋದ. 39-35.

ಕಾಯಿಲೆ ಇಲ್ಲದೇ ಇದ್ದಿದ್ರೆ ಎಲ್ಲಿಗೆ ಹೋಗಿರ್ತಿದ್ದ?

ನನಗೆ ಈ ಪ್ರಶ್ನೆ ಅಷ್ಟು ಇಷ್ಟವಾಗುವುದಿಲ್ಲ. ಇನ್ನೂ ಜಾಸ್ತಿ ಟ್ರೈ, ಇನ್ನೂ ಜಾಸ್ತಿ ವರ್ಷ, ಅದು ಯಾರು ಬೇಕಾದರೂ ಹೇಳಬಹುದು. ಅವನ ಕೊನೆಯ ಟೆಸ್ಟ್ 2002ರ ನವೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ, ವಯಸ್ಸು 27. ಅದೇ ದೇಶದ ರಿಚಿ ಮೆಕಾ 34 ದಾಟಿ 148 ಟೆಸ್ಟ್ ಆಡಿ ನಿಲ್ಲಿಸಿದರು. ಇಲ್ಲದ ಲೋಮುನ ಬಗ್ಗೆ ಕನಸು ಕಾಣುವ ಬದಲು, ಇದ್ದವನು ಆ ಮೈಯಲ್ಲಿ ಏನು ಮಾಡಿದ ಅಂತ ನೋಡಿದರೆ ನನಗೆ ಅದೇ ಜಾಸ್ತಿ ಆಶ್ಚರ್ಯ.

ಒಂದೇ ಒಂದು ಮ್ಯಾಚ್ ನೋಡೋಕೆ ಟೈಮ್ ಇದೆ. ಯಾವುದು ನೋಡ್ಲಿ?

ಎಲ್ಲರೂ ಕೇಪ್‌ಟೌನ್ ಸೆಮಿಫೈನಲ್ ಅನ್ನುತ್ತಾರೆ. ನಾನು 2002ರ ನವೆಂಬರ್ 9ರ ಟ್ವಿಕನ್‌ಹ್ಯಾಮ್ ಮ್ಯಾಚ್ ಅನ್ನುತ್ತೇನೆ. ಎದುರಿಗೆ ಮತ್ತೆ ಇಂಗ್ಲೆಂಡ್, ಆದರೆ ಈ ಸಲ ಮುಂದಿನ ವರ್ಷ ವಿಶ್ವಕಪ್ ಗೆಲ್ಲಲಿದ್ದ ಇಂಗ್ಲೆಂಡ್. ಲೋಮು ನಿಧಾನವಾಗಿದ್ದಾನೆ, ಕಣ್ಣಿಗೆ ಕಾಣುತ್ತದೆ. ಆದರೂ ಇಬ್ಬರನ್ನು ಬೆನ್ನಿಗೆ ಕಟ್ಟಿಕೊಂಡ ಹಾಗೆ ಗೆರೆ ದಾಟುತ್ತಾನೆ, ಅವತ್ತು ಎರಡು ಟ್ರೈ. ಇಂಗ್ಲೆಂಡ್ 31-28ರಲ್ಲಿ ಗೆದ್ದಿತು. ಆರು ತಿಂಗಳಾದ ಮೇಲೆ ಅವನು ಡಯಾಲಿಸಿಸ್ ಮಷೀನಿನ ಪಕ್ಕ ಕೂತಿದ್ದ.